ಉಗುರು, ಕೂದಲು ನೋಡಿ ಹಿಂದಿನ ತಿಂಗಳು ಓದೋದು ಹೇಗೆ: ನರ್ಸಿಂಗ್ ಜೂನಿಯರ್‌ಗಳಿಗೆ ನನ್ನ ಟಿಪ್ಪಣಿ

ಕಳೆದ ಮಳೆಗಾಲದಲ್ಲಿ ನನಗೆ ಡೆಂಗಿ ಬಂದಿತ್ತು. ಜ್ವರ ಬಿಟ್ಟು ಮೂರು ತಿಂಗಳಾದ ಮೇಲೆ ಎರಡೂ ಹೆಬ್ಬೆರಳಿನ ಉಗುರಿನಲ್ಲಿ ಅಡ್ಡಕ್ಕೆ ಏನೋ ಕಂಡಿತು. ಬಣ್ಣದ ಗೆರೆ ಅಲ್ಲ, ತಗ್ಗು. ಇನ್ನೊಂದು ಬೆರಳಿನ ತುದಿಯಿಂದ ಸವರಿದರೆ ಕೈಗೆ ಸಿಗುತ್ತಿತ್ತು. ಸ್ಕೇಲ್ ಇಟ್ಟು ಅಳೆದೆ. ಬುಡದ ಚರ್ಮದಿಂದ ಸುಮಾರು 6 ಮಿ.ಮೀ. ದೂರದಲ್ಲಿತ್ತು.

ಕೈ ಉಗುರು ತಿಂಗಳಿಗೆ ಹೆಚ್ಚುಕಡಿಮೆ 3 ಮಿ.ಮೀ. ಬೆಳೆಯುತ್ತದೆ. ಅಂದರೆ ಹೊರಗೆ ಕಾಣುವ ದಾರಿ ಎರಡು ತಿಂಗಳದ್ದು. ಉಗುರು ಹುಟ್ಟುವ ಜಾಗ ಚರ್ಮದ ಮಡಿಕೆಯ ಒಳಗಿರುತ್ತದೆ, ಅಲ್ಲಿಂದ ಹೊರಗೆ ಬರುವುದಕ್ಕೆ ಮೂರ್ನಾಲ್ಕು ವಾರ ಬೇಕು. ಅದನ್ನೂ ಸೇರಿಸಿದರೆ ಲೆಕ್ಕ ನೇರ ಜ್ವರದ ದಿನಗಳಿಗೇ ಹೋಗಿ ನಿಲ್ಲುತ್ತದೆ. ಕಾಯಿಲೆ ಜೋರಾದಾಗ ದೇಹ ಉಗುರು ಕಟ್ಟುವ ಕೆಲಸವನ್ನು ಸ್ವಲ್ಪ ದಿನ ನಿಲ್ಲಿಸಿಬಿಡುತ್ತದೆ. ಆ ರಜೆಯ ಗುರುತೇ ಈ ತಗ್ಗು. ಇದಕ್ಕೆ ಬೋಸ್ ಲೈನ್ ಅಂತ ಹೆಸರು. ಫ್ರಾನ್ಸಿನ ವೈದ್ಯ ಬೋ 1846ರಲ್ಲಿ ಇದನ್ನು ವಿವರಿಸಿದರು. ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಕೇಳುವ ಪ್ರಶ್ನೆ: ಒಂದೇ ಬೆರಳಲ್ಲಿದ್ದರೆ? ಆಗ ಬಾಗಿಲಿಗೆ ಬೆರಳು ಸಿಕ್ಕಿತ್ತಾ ಅಂತ ಕೇಳಿ. ಎರಡೂ ಕೈಯಲ್ಲಿ, ಒಂದಕ್ಕಿಂತ ಹೆಚ್ಚು ಬೆರಳಲ್ಲಿದ್ದರೆ ಇಡೀ ದೇಹದ ಕಥೆ ಇರಬಹುದು.

ಅದೇ ವಾರ ನನ್ನ ಕೂದಲೂ ಕೈತುಂಬಾ ಬರೋಕೆ ಶುರುವಾಯಿತು. ಹಾಸ್ಟೆಲ್‌ನಲ್ಲಿ ಎಲ್ಲರದ್ದೂ ಒಂದೇ ತೀರ್ಪು, "ಬೋರ್‌ವೆಲ್ ನೀರು ಕಣೇ." ಪಾಪ ನೀರು! ತಲೆಯಲ್ಲಿ ಸುಮಾರು ಒಂದು ಲಕ್ಷ ಕೂದಲಿರುತ್ತವೆ. ಅದರಲ್ಲಿ ನೂರಕ್ಕೆ 85–90 ಬೆಳೆಯುತ್ತಾ ಇರುತ್ತವೆ. ಈ ಹಂತ ಅನಾಜೆನ್, 2ರಿಂದ 6 ವರ್ಷದ್ದು. ಆಮೇಲೆ ಎರಡು ಮೂರು ವಾರದ ಕ್ಯಾಟಾಜೆನ್, ಅಂದರೆ ಬೆಳವಣಿಗೆ ನಿಲ್ಲುವ ಹಂತ. ಕೊನೆಗೆ ಮೂರು ತಿಂಗಳ ಟೆಲೋಜೆನ್, ಅಂದರೆ ವಿಶ್ರಾಂತಿ, ಅದು ಮುಗಿದ ಮೇಲೆ ಉದುರುತ್ತದೆ. ದಿನಕ್ಕೆ 50–100 ಉದುರಿದರೆ ಅದು ಮಾಮೂಲಿ. ಆದರೆ ಟೈಫಾಯ್ಡ್, ಡೆಂಗಿ, ದೊಡ್ಡ ಆಪರೇಷನ್, ಹೆರಿಗೆ, ಊಟ ಬಿಟ್ಟು ತೂಕ ಇಳಿಸೋದು, ಇಂಥದ್ದೇನಾದರೂ ಆದರೆ ತುಂಬಾ ಕೂದಲು ಒಟ್ಟಿಗೆ ವಿಶ್ರಾಂತಿಗೆ ಹೋಗುತ್ತವೆ. ಒಟ್ಟಿಗೆ ಹೋದವು ಒಟ್ಟಿಗೇ ಉದುರುತ್ತವೆ, ಎರಡು ಮೂರು ತಿಂಗಳು ತಡವಾಗಿ. ಇದು ಟೆಲೋಜೆನ್ ಎಫ್ಲುವಿಯಂ.

ಹಾಗಾಗಿ "ಯಾವ ಶಾಂಪೂ ಹಾಕ್ತೀರಾ" ಅಂತ ಕೇಳೋದಕ್ಕಿಂತ "ಮೂರು ತಿಂಗಳ ಹಿಂದೆ ಏನಾಗಿತ್ತು" ಅಂತ ಕೇಳಿ. ಈ ಟಿಪ್ಪಣಿಯಲ್ಲಿ ಒಂದೇ ಸಾಲು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಮಗು ತಾಯಿ ಮುಖ ನೋಡಿ ನಗೋಕೆ ಶುರು ಮಾಡಿದಾಗ ಬಾಣಂತಿ ಕೂದಲು ಉದುರುತ್ತೆ ಅಂತ ನಮ್ಮಜ್ಜಿ ಹೇಳೋರು. ಕಾರಣ ಮಗುವಿನ ನಗು ಅಲ್ಲ, ಹೆರಿಗೆ ಆದ ಮೇಲೆ ಇಳಿಯುವ ಈಸ್ಟ್ರೋಜೆನ್. ಆದರೆ ಟೈಮಿಂಗ್ ನೋಡಿ, ಎಷ್ಟು ಸರಿಯಾಗಿದೆ ಅಲ್ವಾ! ಬೇರೆ ತೊಂದರೆ ಇಲ್ಲದಿದ್ದರೆ ಸಾಮಾನ್ಯವಾಗಿ ಆರು ತಿಂಗಳೊಳಗೆ ಉದುರೋದು ನಿಲ್ಲುತ್ತದೆ. ನಿಲ್ಲದಿದ್ದರೆ ಹಿಮೋಗ್ಲೋಬಿನ್, ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ), ಥೈರಾಯ್ಡ್ ನೋಡಬೇಕು.

ಹಿಮೋಗ್ಲೋಬಿನ್ ಅಂದಾಗ ಚಮಚದ ಉಗುರು ನೆನಪಾಗಲೇಬೇಕು. ಹೆಸರು ಕಾಯ್ಲೊನಿಕಿಯಾ. ಉಗುರು ಮಧ್ಯದಲ್ಲಿ ತಗ್ಗಾಗಿ, ಅಂಚು ಮೇಲೆದ್ದಿರುತ್ತದೆ. ಒಂದು ಹನಿ ನೀರು ಬಿಟ್ಟರೆ ಜಾರದೆ ಅಲ್ಲೇ ನಿಲ್ಲುತ್ತದೆ. ಕಬ್ಬಿಣದ ಕೊರತೆ ತುಂಬಾ ದಿನದಿಂದ ಇದ್ದರೆ ಹೀಗಾಗುತ್ತದೆ. ಆದರೆ ಪರೀಕ್ಷೆಗೆ ಓದಿದಷ್ಟು ಸಲ ವಾರ್ಡಿನಲ್ಲಿ ಇದು ಸಿಗೋದಿಲ್ಲ. ಸಿಗೋದು ಬಿಳಿಚಿದ ಉಗುರು, ಬಿಳಿಚಿದ ಕೆಳರೆಪ್ಪೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ 15–49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಇತ್ತು. ಹಾಗಾಗಿ ಉಗುರು ಚಮಚ ಆಗೋವರೆಗೆ ಕಾಯಬೇಡಿ. ಇನ್ನೊಂದು, ಕಬ್ಬಿಣದ ಮಾತ್ರೆಯನ್ನು ಕಾಫಿ, ಟೀ ಜೊತೆ ನುಂಗಿದರೆ ಮೈಗೆ ಹತ್ತೋದು ಕಡಿಮೆ. ಇದನ್ನು ಹೇಳದೆ ಮಾತ್ರೆ ಕೊಡಬೇಡಿ.

ಈಗ ಕ್ಲಬ್ಬಿಂಗ್, ಅಂದರೆ ಬೆರಳಿನ ತುದಿ ಉಬ್ಬಿ ದಪ್ಪಗಾಗೋದು. ಎರಡೂ ಕೈಯ ತೋರುಬೆರಳಿನ ಉಗುರುಗಳನ್ನು ಬೆನ್ನಿಗೆ ಬೆನ್ನು ತಾಗಿಸಿ, ಬೆಳಕಿಗೆ ಹಿಡಿಯಿರಿ. ಬುಡದಲ್ಲಿ ವಜ್ರದಾಕಾರದ ಪುಟ್ಟ ಕಿಂಡಿ ಕಾಣಬೇಕು. ಕಿಂಡಿ ಮುಚ್ಚಿಹೋಗಿದ್ದರೆ ಬೆರಳಿನ ತುದಿ ದಪ್ಪಗಾಗಿದೆ ಅಂತ ಅರ್ಥ. ಇದನ್ನು ಕಂಡವರು ದಕ್ಷಿಣ ಆಫ್ರಿಕಾದ ಹೃದಯ ತಜ್ಞ ಲಿಯೋ ಶಾಮ್ರಾತ್, ಅದೂ ತಮ್ಮದೇ ಬೆರಳಲ್ಲಿ. ಅವರಿಗೆ ಹೃದಯದ ಕವಾಟಕ್ಕೆ ಸೋಂಕಾಗಿತ್ತು. 1976ರಲ್ಲಿ ಅದನ್ನು ಬರೆದರು. ಆ ಸೋಂಕು ಬಿಟ್ಟರೆ ಶ್ವಾಸಕೋಶದ ಕ್ಯಾನ್ಸರ್, ಶ್ವಾಸಕೋಶದಲ್ಲಿ ಕೀವು, ಬ್ರಾಂಕಿಯೆಕ್ಟೇಸಿಸ್ (ಶ್ವಾಸನಾಳ ಹಿಗ್ಗಿ ಹಾಗೇ ಉಳಿಯೋದು), ಮೈ ನೀಲಿಯಾಗುವ ಹುಟ್ಟು ಹೃದಯದ ತೊಂದರೆ, ಲಿವರ್ ಸಿರೋಸಿಸ್, ಹೀಗೆ ಪಟ್ಟಿ ಉದ್ದ ಇದೆ. ಕೆಲವರಿಗೆ ಮನೆತನದಿಂದಲೇ ಇರುತ್ತದೆ, ಅದರಿಂದ ತೊಂದರೆ ಇಲ್ಲ. ಹೊಸದಾಗಿ ಬಂದಿದ್ದರೆ ಎದೆಯ ಎಕ್ಸ್‌ರೇ ಆಗಲೇಬೇಕು.

ನಮ್ಮ ಕಡೆ ಇದರಲ್ಲೊಂದು ತೊಡಕಿದೆ, ಗೋರಂಟಿ. ಉಗುರು ಕೆಂಪಗಿದ್ದರೆ ಬಿಳಿಚಿದ್ದೂ ಕಾಣೋದಿಲ್ಲ, ನೀಲಿಯಾಗಿದ್ದೂ ಕಾಣೋದಿಲ್ಲ. ನಾನು ಒಮ್ಮೆ ಮದುವೆ ಮನೆಯಿಂದ ನೇರ ಬಂದ ಒಬ್ಬರ ಕೈ ನೋಡಿ "ಪಿಂಕ್" ಅಂತ ಬರೆದು ಬೈಸಿಕೊಂಡಿದ್ದೇನೆ. ಇಂಥವರಲ್ಲಿ ತುಟಿ, ನಾಲಿಗೆ, ರೆಪ್ಪೆ ನೋಡಿ. ನೈಲ್ ಪಾಲಿಶ್ ಆದರೆ ಒರೆಸಿಯೇ ಆಕ್ಸಿಮೀಟರ್ (ಬೆರಳಿಗೆ ಸಿಕ್ಕಿಸಿ ರಕ್ತದ ಆಮ್ಲಜನಕ ಅಳೆಯುವ ಸಾಧನ) ಹಾಕಿ.

ಉಳಿದದ್ದು ಬೇಗ ಹೇಳಿಬಿಡುತ್ತೇನೆ. ತುದಿಯಲ್ಲಿ ಸಣ್ಣ ಪಟ್ಟಿ ಬಿಟ್ಟು ಉಗುರೆಲ್ಲಾ ಬೆಳ್ಳಗಾಗಿದ್ದರೆ ಟೆರ್ರಿ ಉಗುರು, ಲಿವರ್ ನೆನಪಿಸಿಕೊಳ್ಳಿ. ಬುಡದ ಅರ್ಧ ಬಿಳಿ, ತುದಿಯ ಅರ್ಧ ಕಂದು ಇದ್ದರೆ ಲಿಂಡ್ಸೆ ಉಗುರು, ಕಿಡ್ನಿ. ಸೂಜಿ ಚುಚ್ಚಿದಂತೆ ಸಣ್ಣ ಸಣ್ಣ ಗುಳಿ ಇದ್ದರೆ ಸೋರಿಯಾಸಿಸ್ ಇರಬಹುದು, ಕೀಲು ನೋವು ಇದೆಯಾ ಕೇಳಿ. ಹುಬ್ಬಿನ ಹೊರತುದಿ ತೆಳ್ಳಗಾಗಿ ಕೂದಲು ಒರಟಾಗಿದ್ದರೆ ಥೈರಾಯ್ಡ್ ಕಡಿಮೆ ಇರಬಹುದು. ಹುಬ್ಬು ಉದುರೋದು ಕುಷ್ಠದಲ್ಲೂ ಉಂಟು, ಮರೆಯಬೇಡಿ. ತಲೆಯಲ್ಲಿ ರೂಪಾಯಿ ನಾಣ್ಯದಷ್ಟು ನುಣ್ಣಗೆ ಬೋಳಾದರೆ ಜನ "ಹುಳ ತಿಂದಿದೆ" ಅನ್ನುತ್ತಾರೆ. ಹುಳ ಎಲ್ಲೂ ಇಲ್ಲ. ಅದು ಅಲೊಪೇಶಿಯಾ ಏರಿಯೇಟಾ, ನಮ್ಮದೇ ರೋಗನಿರೋಧಕ ಶಕ್ತಿ ಕೂದಲಿನ ಬುಡದ ಮೇಲೆ ತಿರುಗಿಬಿದ್ದಿರುತ್ತದೆ. ಮಕ್ಕಳಲ್ಲಿ ಹೊಟ್ಟು ಎದ್ದು, ಕೂದಲು ತುಂಡಾಗಿದ್ದರೆ ಮಾತ್ರ ಫಂಗಸ್ ಯೋಚಿಸಿ.

ಉಗುರಿನ ಮೇಲಿನ ಬಿಳಿ ಚುಕ್ಕಿ? ಚಿಕ್ಕವರಿದ್ದಾಗ ಬೆಳ್ಳಕ್ಕಿ ಸಾಲು ಹಾರಿದರೆ ಉಗುರು ಉಜ್ಜಿಕೊಂಡು ಬಿಳಿ ಉಗುರು ಕೇಳುತ್ತಿದ್ದೆವು. ದೊಡ್ಡವರಾದ ಮೇಲೆ ಕ್ಯಾಲ್ಸಿಯಂ ಕಡಿಮೆ ಅಂತ ನಂಬಿದೆವು. ಹೆಚ್ಚಾಗಿ ಎರಡೂ ಅಲ್ಲ, ಎಲ್ಲೋ ತಗುಲಿದ ಸಣ್ಣ ಪೆಟ್ಟು.

ಉಗುರು ಸುತ್ತಿಗೆ ನಿಂಬೆಹಣ್ಣು ಸಿಕ್ಕಿಸಿಕೊಂಡು ಬಂದವರನ್ನು ನೋಡಿ ನಗಬೇಡಿ, ಸುಮ್ನೆ ತೆಗೆದು ನೋಡಿ. ದಿನವಿಡೀ ಪಾತ್ರೆ, ಬಟ್ಟೆ ಅಂತ ನೀರಲ್ಲೇ ಕೈ ಇರುವವರಿಗೆ ಇದು ಜಾಸ್ತಿ. ಪದೇ ಪದೇ ಬಂದರೆ ಸಕ್ಕರೆ ಪರೀಕ್ಷೆ ಮಾಡಿಸಲು ಹೇಳಿ.

ಉದ್ದಕ್ಕೆ ಕಪ್ಪು ಗೆರೆ ನಮ್ಮಂಥ ಬಣ್ಣದವರಲ್ಲಿ ಮಾಮೂಲಿಯಾಗಿ ಇರುವುದುಂಟು, ಹಲವು ಬೆರಳಲ್ಲಿ. ಒಂದೇ ಉಗುರಲ್ಲಿ ಹೊಸದಾಗಿ ಬಂದು ಅಗಲವಾಗುತ್ತಿದ್ದರೆ, ಕಪ್ಪು ಪಕ್ಕದ ಚರ್ಮಕ್ಕೂ ಹರಡಿದ್ದರೆ, ಅದು ಮೆಲನೋಮಾ ಅನ್ನುವ ಚರ್ಮದ ಕ್ಯಾನ್ಸರ್ ಇರಬಹುದು. ತಡ ಮಾಡದೆ ಚರ್ಮದ ಡಾಕ್ಟರ ಹತ್ತಿರ ಕಳಿಸಿ. ಗಾಯಕ ಬಾಬ್ ಮಾರ್ಲಿಗೆ ಕಾಲ್ಬೆರಳಿನ ಉಗುರಿನಡಿ ಇದೇ ಇತ್ತು. 1977ರಲ್ಲಿ ಗೊತ್ತಾಯಿತು, 1981ರಲ್ಲಿ ತೀರಿಕೊಂಡರು.

ಕೊನೆಯದು ಬಯೋಟಿನ್, ಒಂದು ಬಗೆಯ ಬಿ ವಿಟಮಿನ್. ಕೂದಲಿಗೆ ಅಂತ ಎಲ್ಲರೂ ನುಂಗುವ ಮಾತ್ರೆ. ಬಯೋಟಿನ್ ಕೊರತೆ ನಿಜಕ್ಕೂ ಅಪರೂಪ. ಆದರೆ ಜಾಸ್ತಿ ಪ್ರಮಾಣದಲ್ಲಿ ತಗೊಂಡರೆ ಕೆಲವು ರಕ್ತ ಪರೀಕ್ಷೆಗಳು ತಪ್ಪು ಫಲಿತಾಂಶ ಕೊಡುತ್ತವೆ. ಥೈರಾಯ್ಡ್ ಜಾಸ್ತಿ ಇದ್ದಂತೆ ತೋರಿಸಬಹುದು. ಹೃದಯಾಘಾತದಲ್ಲಿ ಏರಬೇಕಾದ ಟ್ರೋಪೋನಿನ್ ಕಡಿಮೆ ಅಂತ ತೋರಿಸಬಹುದು. 2017ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇದರ ಬಗ್ಗೆ ಎಚ್ಚರಿಕೆ ಕೊಟ್ಟಿತು. ರಕ್ತ ತೆಗೆಯುವ ಮೊದಲು "ಮಾತ್ರೆ ಏನಾದ್ರೂ ತಗೋತೀರಾ" ಅಂದರೆ ಇಲ್ಲ ಅಂತಾರೆ. "ಕೂದಲಿಗೆ ಏನಾದ್ರೂ ತಗೋತೀರಾ ಅಮ್ಮ" ಅಂತ ಬಿಡಿಸಿ ಕೇಳಿ. ಆಗ ಬ್ಯಾಗಿನಿಂದ ಡಬ್ಬಿ ಹೊರಗೆ ಬರುತ್ತದೆ.