ಮನೆ ಮಾರುವ ಮೊದಲು ಅಟ್ಟ ಹತ್ತಿ ನೋಡಿ

ಮಾರಬೇಕೆಂದಿರುವ ಮನೆಗೆ ಪೈಂಟರನ್ನು ಕರೆಯುವ ಮೊದಲು ಏಣಿ ಇಟ್ಟು ಅಟ್ಟ ಹತ್ತಿ. ಉಡುಪಿ, ಬ್ರಹ್ಮಾವರ, ಕಾಪು ಕಡೆಯ ಹಳೆ ಹಂಚಿನ ಮನೆಗಳ ತಪಾಸಣೆಗೆ ಹೋದರೆ ನಾನು ಮೊದಲು ನೋಡುವುದು ಅಲ್ಲೇ. ಕೆಳಗೆ ಗೋಡೆ ಎಷ್ಟೇ ಹೊಳೆಯಲಿ, ಮೇಲಿನಿಂದ ಮುಗ್ಗಲು ವಾಸನೆ ಬಂದರೆ ಕೊಳ್ಳುವವರು ನಿಂತಲ್ಲೇ ರೇಟು ಇಳಿಸುತ್ತಾರೆ.

ಅಜ್ಜನ ಕಾಲದಲ್ಲೂ ಇದೇ ಮಳೆ ಇತ್ತು, ವರ್ಷಕ್ಕೆ 3,500 ಮಿ.ಮೀ.ಗೂ ಮೇಲೆ. ಆದರೆ ಅಡುಗೆ ಒಲೆಯ, ಬಚ್ಚಲ ಹಂಡೆಯ ಹೊಗೆ ಹಂಚಿನ ಸಂದಿಯಲ್ಲಿ ಹೊರಹೋಗುತ್ತಾ ಹಂಚು ಹೊರುವ ಮರದ ಪಕ್ಕಾಸು, ಅದರ ಮೇಲಿನ ಅಡ್ಡಪಟ್ಟಿಗಳಾದ ರೀಪುಗಳನ್ನು ಒಣಗಿಸಿ ಇಡುತ್ತಿತ್ತು. ಗ್ಯಾಸ್ ಬಂತು, ಮಕ್ಕಳು ಮುಂಬೈ, ದುಬೈ ಸೇರಿದರು, ಮನೆಗೆ ಬೀಗ ಬಿತ್ತು. ಸಾಲದ್ದಕ್ಕೆ ಸೋರುತ್ತದೆಂದು ಹಂಚಿನಡಿಗೆ ಪ್ಲಾಸ್ಟಿಕ್ ಶೀಟು, ಚಂದಕ್ಕೆಂದು ಫಾಲ್ಸ್ ಸೀಲಿಂಗ್. ಗಾಳಿ ಆಡದ ಕಡೆ ಬೂಷ್ಟು ಬರದೆ ಇನ್ನೇನು?

ಒರೆಸಿದರೆ ಕೈಗೆ ಬರುವ ಕಪ್ಪು, ಹಸಿರು ಪುಡಿ ಬೂಷ್ಟು. ಅದು ಮರದ ಬಲ ತಿನ್ನುವುದಿಲ್ಲ. ಮುರಕಲ್ಲಿನ ಗೋಡೆಯ ಬಿಳಿ ಪುಡಿ ಹೆಚ್ಚಾಗಿ ಉಪ್ಪು, ನೀರಿನಲ್ಲಿ ಕರಗುತ್ತದೆ. ಹೆದರಬೇಕಾದದ್ದು ಕೊಳೆತ ಮರಕ್ಕೆ. ಪಕ್ಕಾಸಿನ ಬುಡ ಗೋಡೆಯ ಮೇಲೆ ಕೂರುವಲ್ಲಿ ಸ್ಕ್ರೂಡ್ರೈವರ್ ಒತ್ತಿ ನೋಡುತ್ತೇನೆ. ಗಟ್ಟಿ ಮರ ತಡೆಯುತ್ತದೆ. ಕೊಳೆತದ್ದರಲ್ಲಿ ತುದಿ ಚಹಾದಲ್ಲಿ ನೆನೆದ ರಸ್ಕಿಗೆ ಹೊಕ್ಕ ಹಾಗೆ ಇಳಿಯುತ್ತದೆ. ಬೇಸಿಗೆಯಲ್ಲೂ ಮೀಟರಿನಲ್ಲಿ ಮರದ ತೇವಾಂಶ ಶೇ. 20 ದಾಟಿದರೆ ಎಲ್ಲಿಂದಲೋ ನೀರು ಬರುತ್ತಿದೆ ಎಂದೇ ಲೆಕ್ಕ. ಮಂಗ ಸರಿಸಿದ ಹಂಚು, ತೆಂಗಿನ ಮಡಲು ಬಿದ್ದು ಸೀಳಿದ ಗಾಜಿನ ಹಂಚು, ತರಗೆಲೆ ಕಟ್ಟಿದ ದಂಬೆ (ಮಳೆನೀರು ಹರಿಯುವ ದೋಣಿ): ಸಾಮಾನ್ಯವಾಗಿ ಇವೇ ಕಳ್ಳರು.

“ಒಂದು ಕೋಟ್ ಪೈಂಟ್ ಹೊಡೆದ್ರೆ ಸಾಕಲ್ಲ ಸರ್?” ಎಂದು ಕೇಳದವರು ಕಡಿಮೆ. ಸಾಲದು ಮಾರಾಯ್ರೆ. ಹಸಿ ಮರಕ್ಕೆ ಬಳಿದ ಪೈಂಟು ಮುಂದಿನ ಮಳೆಗೇ ಏಳುತ್ತದೆ. ಕಾನೂನಿನ ತೊಡಕೂ ಇದೆ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಸೆಕ್ಷನ್ ಪ್ರಕಾರ, ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ, ಮಾರುವವರಿಗೆ ಗೊತ್ತಿದ್ದು ಕೊಳ್ಳುವವರು ಸಾಮಾನ್ಯ ಎಚ್ಚರದಿಂದ ನೋಡಿದರೂ ಕಾಣದಂಥ ದೊಡ್ಡ ದೋಷವನ್ನು ಹೇಳಲೇಬೇಕು. ಬಚ್ಚಿಟ್ಟರೆ ವಂಚನೆ.

ಕೆಲಸಕ್ಕೆ ಡಿಸೆಂಬರ್, ಜನವರಿ ಒಳ್ಳೆಯದು. ಮೊದಲು ಹಂಚಿನ ಮಾಡು (ಚಾವಣಿ) ಸರಿಮಾಡಿಸಿ, ಪ್ಲಾಸ್ಟಿಕ್ ಶೀಟು ತೆಗೆಸಿ, ಮರ ಒಣಗಲು ಬಿಡಿ. ಗೋಣಿ, ಚಾಪೆ, ಹಳೆ ಹಾಸಿಗೆ ಎಲ್ಲ ಹೊರಗೆ; ಅವುಗಳ ನಡುವೆ ಜಾಗದ ಹಳೆ ಪತ್ರ ಸಿಕ್ಕಿದ್ದೂ ಉಂಟು, ನೋಡಿಯೇ ಎಸೆಯಿರಿ. ಒಣ ಹಿಡಿಸೂಡಿಯಲ್ಲಿ ಮಾತ್ರ ಗುಡಿಸಬೇಡಿ, ಬೂಷ್ಟಿನ ಕಣ ಮನೆಯಿಡೀ ಹಾರುತ್ತದೆ. ಎನ್95 ಮಾಸ್ಕ್ ಹಾಕಿ, ಸೋಪಿನ ನೀರಲ್ಲಿ ಹಿಂಡಿದ ಬಟ್ಟೆಯಿಂದ ಒರೆಸಿ, ಒಣಗಿದ ಮೇಲೆ ಬೋರಾಕ್ಸ್ ದ್ರಾವಣ ಬಳಿಯಿರಿ. ಬ್ಲೀಚಿಂಗ್ ನೀರಿನಿಂದ ಕಲೆ ಮಾಸುತ್ತದೆ, ಮರದ ಒಳಗಿನದ್ದು ಸಾಯುವುದಿಲ್ಲ. ಮೊದಲಿನ, ನಂತರದ ಫೋಟೋ, ಬಿಲ್ಲು ಇಟ್ಟುಕೊಂಡು ಕೊಳ್ಳುವವರಿಗೆ ತೋರಿಸಿ. ಚೌಕಾಸಿಯಲ್ಲಿ ಅದು ನಿಮ್ಮ ಪರ ನಿಲ್ಲುತ್ತದೆ.

ಇಷ್ಟೆಲ್ಲ ಖರ್ಚಿಗೆ ಇಳಿಯುವ ಮುಂಚೆ, ಬಂದವರಿಗೆ ಬೇಕಿರುವುದು ಮನೆಯೋ ಜಾಗವೋ ವಿಚಾರಿಸಿ. ಮಂಗಳೂರಿನ ಕದ್ರಿ, ಬಿಜೈ ಕಡೆ ಹಳೆ ಮನೆ ಕೇಳಿಕೊಂಡು ಬರುವವರಲ್ಲಿ ಕೆಡವಿ ಫ್ಲಾಟ್ ಕಟ್ಟುವವರೇ ಬಹಳ. ಅಂಥವರಿಗಾಗಿ ಅಟ್ಟ ತೊಳೆಸುವುದು ದಂಡ. ಹಲಸು, ಬೋಗಿ, ಸಾಗುವಾನಿ ಮರ ಗಟ್ಟಿ ಉಳಿದಿದ್ದರೆ, ಅದನ್ನೂ ಹಂಚನ್ನೂ ನೀವೇ ಬಿಚ್ಚಿಸಿಕೊಂಡು ಹೋಗುವ ಮಾತನ್ನು ಕರಾರಿನಲ್ಲೇ ಬರೆಸಿಕೊಳ್ಳಿ.