ಬಿಪಿ ನಾರ್ಮಲ್ ಇದ್ದರೂ ಕಣ್ಣಿನ ಪ್ರೆಶರ್ ಯಾಕೆ ಹೆಚ್ಚು?

ಪ್ರಶ್ನೆ: ನನಗೆ 52 ವರ್ಷ. ಶುಗರ್, ಬಿಪಿ ಎರಡೂ ಇದೆ, ಹೊಟ್ಟೆಯೂ ಸ್ವಲ್ಪ ಇದೆ. ಮಾತ್ರೆ ತಪ್ಪಿಸುವುದಿಲ್ಲ, ಬಿಪಿ 128/80ರಲ್ಲೇ ಇದೆ. ಕನ್ನಡಕ ಬದಲಿಸಲು ಹೋದಾಗ ಕಣ್ಣಿನ ಪ್ರೆಶರ್ 24 ಎಂದು ಹೇಳಿ ಡ್ರಾಪ್ಸ್ ಬರೆದುಕೊಟ್ಟರು. ಬಿಪಿ ಸರಿ ಇರುವಾಗ ಕಣ್ಣಿಗೆ ಬೇರೆ ಔಷಧಿ ಯಾಕೆ? ತೂಕ, ಶುಗರ್ ಇಳಿಸಿದರೆ ಸಾಲದೇ?
– ಓದುಗರೊಬ್ಬರು, ಬೇಲೂರು

ಉತ್ತರ: ಊರು ಬದಲಾಗುತ್ತದೆ, ಪ್ರಶ್ನೆ ಬದಲಾಗುವುದಿಲ್ಲ. ಅರಸೀಕೆರೆಯಿಂದ ಬಂದರೂ ಇದೇ, ಕೊಪ್ಪದಿಂದ ಬಂದರೂ ಇದೇ. ಆದ್ದರಿಂದ ಚುಟುಕು ಉತ್ತರವನ್ನು ಮೊದಲೇ ಕೊಟ್ಟುಬಿಡುತ್ತೇನೆ. ಬೊಜ್ಜು, ಶುಗರ್, ಬಿಪಿ, ರಕ್ತದ ಕೊಬ್ಬು ಇವಕ್ಕೂ ಕಣ್ಣಿನ ಒತ್ತಡಕ್ಕೂ ನಂಟಿದೆ, ಆದರೆ ಸಣ್ಣ ನಂಟು. ಎಲ್ಲವನ್ನೂ ಹತೋಟಿಗೆ ತಂದರೆ ಒಂದೆರಡು ಅಂಕಿ ಇಳಿದೀತು. 24ನ್ನು 16ಕ್ಕೆ ತರುವ ಕೆಲಸ ಅದರಿಂದ ಆಗದು. ಡ್ರಾಪ್ಸ್ ನಿಲ್ಲಿಸಬೇಡಿ.

ಈಗ ಆ ಹಳೇ ನಂಬಿಕೆಗೆ ಬರೋಣ. ‘ಬಿಪಿ ಏರಿದರೆ ಕಣ್ಣಿನ ಪ್ರೆಶರ್ ಏರುತ್ತದೆ, ಬಿಪಿ ಮಾತ್ರೆ ನುಂಗಿದರೆ ಎರಡೂ ಇಳಿಯುತ್ತದೆ.’ ಎಷ್ಟು ಸಲ ಹೇಳಿದರೂ ಇದು ಸಾಯುವುದಿಲ್ಲ. ಎರಡನ್ನೂ ಪಾದರಸದ ಮಿಲಿಮೀಟರಿನಲ್ಲೇ ಅಳೆಯುತ್ತಾರೆ, ನಿಜ. ಆದರೆ ಅಂಕಿಗಳನ್ನೇ ನೋಡಿ. ತೋಳಿನಲ್ಲಿ 120, ಕಣ್ಣಿನಲ್ಲಿ 10ರಿಂದ 21. ರಕ್ತನಾಳದ ಒತ್ತಡ ಹಾಗೇ ಕಣ್ಣಿಗೆ ಇಳಿಯುವಂತಿದ್ದರೆ ಯಾರ ಕಣ್ಣೂ ಉಳಿಯುತ್ತಿರಲಿಲ್ಲ.

ಕಣ್ಣಿನ ಒತ್ತಡ ಹುಟ್ಟುವುದು ರಕ್ತದಿಂದಲ್ಲ, ಕಣ್ಣಿನೊಳಗಿನ ದ್ರವದಿಂದ. ಕಣ್ಣೀರು ಬೇರೆ, ಇದು ಬೇರೆ. ಪಾಪೆಯ ಸುತ್ತಲಿನ ಬಣ್ಣದ ಭಾಗವಾದ ಐರಿಸ್‌ನ ಹಿಂದಿರುವ ಸಿಲಿಯರಿ ಬಾಡಿ ಎಂಬ ಅಂಗಾಂಶ ನಿಮಿಷಕ್ಕೆ ಸುಮಾರು 2ರಿಂದ 2.5 ಮೈಕ್ರೋಲೀಟರ್ ತಿಳಿ ದ್ರವ ತಯಾರಿಸುತ್ತದೆ. ಇಡೀ ದಿನಕ್ಕೆ ಲೆಕ್ಕ ಹಾಕಿದರೂ ಒಂದು ಟೀ ಚಮಚ ತುಂಬುವುದಿಲ್ಲ. ಅದು ಪಾಪೆಯ ಮೂಲಕ ಮುಂದಕ್ಕೆ ಬಂದು, ಕಾರ್ನಿಯಾ (ಕಣ್ಣಿನ ಮುಂದಿನ ಪಾರದರ್ಶಕ ಪೊರೆ) ಮತ್ತು ಐರಿಸ್ ಸೇರುವ ಮೂಲೆಯ ಜಾಲರಿಯಲ್ಲಿ ಸೋಸಿಹೋಗಿ, ಕಣ್ಣಿನ ಹೊರಗಿನ ಸಣ್ಣ ಸಿರೆಗಳನ್ನು ಸೇರುತ್ತದೆ. ಅಡುಗೆಮನೆಯ ಸಿಂಕ್‌ನಲ್ಲಿ ನೀರು ನಿಂತರೆ ನಾವು ನಲ್ಲಿಯನ್ನು ಬೈಯುವುದಿಲ್ಲ, ಜಾಲರಿ ಕಟ್ಟಿದೆಯಾ ಎಂದು ನೋಡುತ್ತೇವೆ. ಇಲ್ಲೂ ಬಹುಪಾಲು ಅದೇ ಕತೆ. ಒತ್ತಡ ಏರುವುದು ಹೆಚ್ಚಾಗಿ ಹೊರಹೋಗುವ ದಾರಿ ಬಿಗಿದಾಗ. ಬಿಪಿ ಮಾತ್ರೆ ಆ ಜಾಲರಿಯನ್ನು ಬಿಡಿಸುವುದಿಲ್ಲ.

ಹಾಗಾದರೆ ಬಿಪಿಯ ಪಾಲು ಏನೂ ಇಲ್ಲವೇ? ಇದೆ, ಅದನ್ನೂ ಅಳೆದಿದ್ದಾರೆ. ಮೇಲಿನ ಬಿಪಿ 10 ಅಂಕಿ ಏರಿದರೆ ಕಣ್ಣಿನ ಒತ್ತಡ ಏರುವುದು ಅರ್ಧ ಅಂಕಿಗಿಂತಲೂ ಕಡಿಮೆ. 170 ಇದ್ದವರು 130ಕ್ಕೆ ಇಳಿದರೂ ಕಣ್ಣಿಗೆ ಸಿಗುವುದು ಒಂದೋ ಒಂದೂವರೆಯೋ ಅಂಕಿ. ಮಾತ್ರೆಯ ಜಾತಿಯೂ ಮುಖ್ಯ. ಅಟೆನೊಲಾಲ್, ಪ್ರೊಪ್ರನೊಲಾಲ್‌ನಂಥ ಬೀಟಾ ಬ್ಲಾಕರ್‌ಗಳು ಕಣ್ಣಿನೊಳಗಿನ ದ್ರವದ ಉತ್ಪತ್ತಿಯನ್ನೂ ತುಸು ತಗ್ಗಿಸುತ್ತವೆ. ಆಮ್ಲೊಡಿಪಿನ್, ಟೆಲ್ಮಿಸಾರ್ಟನ್‌ಗಳಿಂದ ಅಂಥ ಲಾಭ ನಿರೀಕ್ಷಿಸಬೇಡಿ. ನೀವು ಬೀಟಾ ಬ್ಲಾಕರ್ ನುಂಗುತ್ತಿದ್ದರೆ ಕಣ್ಣಿನ ಡಾಕ್ಟರಿಗೆ ಹೇಳಲೇಬೇಕು. ನಿಮ್ಮ ನಿಜವಾದ ಒತ್ತಡ ಕಂಡ ಅಂಕಿಗಿಂತ ಹೆಚ್ಚಿರಬಹುದು. ಅದರ ಮೇಲೆ ಟಿಮೊಲಾಲ್ ಡ್ರಾಪ್ಸ್ ಕೊಟ್ಟರೆ ಕಣ್ಣಿಗೆ ಸಿಗುವ ಲಾಭ ಕಡಿಮೆ, ನಾಡಿ ನಿಧಾನವಾಗುವ ಅಪಾಯ ಹೆಚ್ಚು. ಆಸ್ತಮಾ ಇರುವವರಿಗಂತೂ ಟಿಮೊಲಾಲ್ ಕೂಡದು. ಕಣ್ಣಿಗೆ ತಾನೇ, ಒಂದು ಹನಿ ತಾನೇ ಎನ್ನಬೇಡಿ. ಆ ಹನಿ ಮೂಗಿನ ದಾರಿಯಿಂದ ರಕ್ತಕ್ಕೆ ಇಳಿಯುತ್ತದೆ.

ಈ ನಂಬಿಕೆಯ ಇನ್ನೊಂದು ಮುಖ ಇನ್ನೂ ಕೆಟ್ಟದ್ದು. ‘ಬಿಪಿ ಎಷ್ಟು ಇಳಿದರೆ ಕಣ್ಣಿಗೆ ಅಷ್ಟು ಒಳ್ಳೆಯದು’ ಎಂದುಕೊಂಡವರಿದ್ದಾರೆ. ಕಣ್ಣಿನ ನರಕ್ಕೆ ರಕ್ತ ತಳ್ಳುವುದು ಬಿಪಿ, ಅದಕ್ಕೆ ಎದುರು ಒತ್ತುವುದು ಕಣ್ಣಿನ ಒತ್ತಡ. ನಿದ್ದೆಯಲ್ಲಿ ಬಿಪಿ ತಾನಾಗಿ ಇಳಿಯುತ್ತದೆ, ಮಲಗಿದಾಗ ಕಣ್ಣಿನ ಒತ್ತಡ ಏರುತ್ತದೆ. ಅದರ ಜೊತೆಗೆ ರಾತ್ರಿ ಮಲಗುವಾಗ ಜೋರು ಡೋಸಿನ ಬಿಪಿ ಮಾತ್ರೆಯೂ ಸೇರಿದರೆ ನರಕ್ಕೆ ರಕ್ತ ಸಾಲದೇ ಹೋಗಬಹುದು. ಗ್ಲಾಕೋಮಾ (ಕಣ್ಣಿನ ನರ ಸವೆಯುವ ಕಾಯಿಲೆ) ಇದ್ದು, ಡ್ರಾಪ್ಸ್ ಸರಿಯಾಗಿ ಹಾಕಿಯೂ ದೃಷ್ಟಿ ಸವೆಯುತ್ತಿದ್ದರೆ ರಾತ್ರಿ ಮಾತ್ರೆಯ ವಿಷಯ ಎರಡೂ ಡಾಕ್ಟರುಗಳ ಮುಂದೆ ಎತ್ತಿ. ನೀವೇ ಮಾತ್ರೆ ನಿಲ್ಲಿಸಬೇಡಿ, ಹೊತ್ತು ಬದಲಿಸಬೇಡಿ. ಅದು ಪಾರ್ಶ್ವವಾಯುವಿಗೆ ಕರೆ ಕೊಟ್ಟಂತೆ.

‘ತಲೆನೋವಿಲ್ಲ, ಕಣ್ಣು ನೋಯುತ್ತಿಲ್ಲ, ಪ್ರೆಶರ್ ಎಲ್ಲಿಂದ ಬಂತು’ ಎಂಬುದಕ್ಕೂ ಉತ್ತರ ಇಷ್ಟೇ: ನಿಧಾನವಾಗಿ ಏರಿದ 24 ನೋಯುವುದಿಲ್ಲ, 30 ಕೂಡ ಸಾಮಾನ್ಯವಾಗಿ ನೋಯುವುದಿಲ್ಲ. ಜಾಲರಿಯ ಮೂಲೆ ದಿಢೀರನೆ ಮುಚ್ಚಿಕೊಂಡಾಗ ಮಾತ್ರ ಕಣ್ಣು ಕೆಂಪಾಗಿ, ಬಲ್ಬಿನ ಸುತ್ತ ಬಣ್ಣದ ಬಳೆ ಕಂಡು, ತಲೆ ಸಿಡಿದು ವಾಂತಿಯಾಗುತ್ತದೆ. ಅಂಥ ಹೊತ್ತಿನಲ್ಲಿ ಪಿತ್ತ ಎಂದುಕೊಂಡು ಮನೆಯಲ್ಲಿ ಮಲಗಬಾರದು, ಅದೇ ದಿನ ಜಿಲ್ಲಾಸ್ಪತ್ರೆಗೆ ಹೋಗಬೇಕು.

ಇನ್ನು ನಿಜವಾದ ನಂಟಿನ ವಿಷಯ. ಬೊಜ್ಜು, ಶುಗರ್, ಬಿಪಿ, ರಕ್ತದ ಕೊಬ್ಬು ಒಟ್ಟಾಗಿ ಬರುವುದನ್ನು ಮೆಟಬಾಲಿಕ್ ಸಿಂಡ್ರೋಮ್ ಎಂದು ಕರೆಯಲು ಐದು ಗುರುತು: ಸೊಂಟದ ಸುತ್ತಳತೆ ಭಾರತೀಯ ಗಂಡಸರಲ್ಲಿ 90 ಸೆಂ.ಮೀ., ಹೆಂಗಸರಲ್ಲಿ 80 ಸೆಂ.ಮೀ. ಅಥವಾ ಮೇಲೆ; ಟ್ರೈಗ್ಲಿಸರೈಡ್ 150 ಅಥವಾ ಮೇಲೆ; ಒಳ್ಳೆಯ ಕೊಲೆಸ್ಟ್ರಾಲ್ ಗಂಡಸರಲ್ಲಿ 40ಕ್ಕಿಂತ, ಹೆಂಗಸರಲ್ಲಿ 50ಕ್ಕಿಂತ ಕೆಳಗೆ; ಬಿಪಿ 130/85 ಅಥವಾ ಮೇಲೆ; ಖಾಲಿ ಹೊಟ್ಟೆಯ ಶುಗರ್ 100 ಅಥವಾ ಮೇಲೆ. ಮಾತ್ರೆಯಿಂದ ಹತೋಟಿಯಲ್ಲಿದ್ದರೂ ಲೆಕ್ಕಕ್ಕೆ ಬರುತ್ತದೆ. ಮೂರಿದ್ದರೆ ನೀವು ಆ ಪಟ್ಟಿಯಲ್ಲಿದ್ದೀರಿ. ಕೊರಿಯಾ, ಜಪಾನಿನ ದೊಡ್ಡ ಆರೋಗ್ಯ ತಪಾಸಣೆಗಳಲ್ಲಿ ಈ ಗುರುತುಗಳು ಹೆಚ್ಚಿದಂತೆ ಕಣ್ಣಿನ ಒತ್ತಡವೂ ಮೆಟ್ಟಿಲು ಮೆಟ್ಟಿಲಾಗಿ ಏರಿದ್ದು ಕಂಡಿದೆ. ಮೆಟ್ಟಿಲು ಬಹಳ ಗಿಡ್ಡದು, ಅಷ್ಟೇ. ಕಣ್ಣುಗೂಡಿನ ಕೊಬ್ಬು ಸಿರೆಗಳನ್ನು ಒತ್ತಿ ದ್ರವ ಹೊರಹೋಗುವುದು ನಿಧಾನವಾಗುವುದು, ಇನ್ಸುಲಿನ್ ಪ್ರತಿರೋಧದಿಂದ (ದೇಹ ಇನ್ಸುಲಿನ್‌ಗೆ ಸರಿಯಾಗಿ ಸ್ಪಂದಿಸದಿರುವುದು) ದ್ರವದ ಉತ್ಪತ್ತಿ ಹೆಚ್ಚುವುದು, ಸಕ್ಕರೆ ಅಂಟಿ ಜಾಲರಿ ಗಡುಸಾಗುವುದು ಕಾರಣವೆಂದು ತಜ್ಞರು ನೋಡುತ್ತಾರೆ. ದಿನವೂ ಬಿರುಸಾಗಿ ನಡೆದರೆ ಒತ್ತಡ ತುಸು ಇಳಿಯುತ್ತದೆ, ನಡಿಗೆ ಬಿಟ್ಟರೆ ಮತ್ತೆ ಏರುತ್ತದೆ.

ಶುಗರ್ ಇರುವವರು ಹೆದರಬೇಕಾದ್ದು ಈ ಒಂದೆರಡು ಅಂಕಿಗಲ್ಲ, ಕಣ್ಣಿನ ಹಿಂದಿನ ಪರದೆಯಾದ ರೆಟಿನಾಗೆ. ಅಲ್ಲಿ ರಕ್ತನಾಳ ಕೆಟ್ಟು ಹೊಸ ನಾಳಗಳು ಬೆಳೆದು ಐರಿಸ್‌ಗೂ ಹಬ್ಬಿದರೆ ಜಾಲರಿಯನ್ನೇ ಮುಚ್ಚಿಬಿಡುತ್ತವೆ. ಆ ಬಗೆಯ ಗ್ಲಾಕೋಮಾ ಡ್ರಾಪ್ಸಿಗೆ ಅಷ್ಟು ಸುಲಭವಾಗಿ ಬಗ್ಗುವುದಿಲ್ಲ. ಅದಕ್ಕೇ ವರ್ಷಕ್ಕೊಮ್ಮೆ ಪಾಪೆ ಅಗಲಿಸಿ ರೆಟಿನಾ ನೋಡಿಸಿ ಎಂದು ಹೇಳುವುದು. ಕನ್ನಡಕದಂಗಡಿಯ ಪರೀಕ್ಷೆ ಅದಕ್ಕೆ ಸಮವಲ್ಲ.

ನಿಮ್ಮ 24 ನಿಜವೇ ಎಂಬುದನ್ನೂ ಖಚಿತಪಡಿಸಿಕೊಳ್ಳಿ. ಗಾಳಿ ಊದುವ ಯಂತ್ರದ ಅಂಕಿ ಜರಡಿಗೆ ಸಾಕು, ನಿರ್ಧಾರಕ್ಕೆ ಸಾಲದು. ಕಾರ್ನಿಯಾವನ್ನು ಮುಟ್ಟಿ ಒತ್ತಡ ಅಳೆಯುವ ಗೋಲ್ಡ್‌ಮನ್ ಟೋನೋಮೀಟರಿನಲ್ಲಿ ಇನ್ನೊಂದು ದಿನ, ಸಾಧ್ಯವಾದರೆ ಬೆಳಗ್ಗೆ, ಮತ್ತೆ ನೋಡಿಸಿ. ಬಿಗಿ ಕಾಲರ್ ಸಡಿಲಿಸಿ, ಉಸಿರು ಹಿಡಿಯಬೇಡಿ. ಹೊಟ್ಟೆ ಇರುವವರು ಯಂತ್ರಕ್ಕೆ ಗಲ್ಲ ಊರಲು ಮುಂದೆ ಬಾಗಿ ತಿಣುಕುತ್ತಾರೆ, ಅಷ್ಟಕ್ಕೇ ಅಂಕಿ ಏರಿಬಿಡುತ್ತದೆ. ಕುರ್ಚಿ ಹತ್ತಿರ ಎಳೆಯಲು ಹೇಳಿ. ಕಾರ್ನಿಯಾದ ದಪ್ಪ ಅಳೆಸಿ. ಸರಾಸರಿ 540 ಮೈಕ್ರಾನ್ ಆಸುಪಾಸು, ಅದಕ್ಕಿಂತ ದಪ್ಪವಿದ್ದರೆ ಅಂಕಿ ಸುಳ್ಳಾಗಿ ಹೆಚ್ಚು ಬರುತ್ತದೆ, ತೆಳುವಿದ್ದರೆ ಸುಳ್ಳಾಗಿ ಕಡಿಮೆ. ಜೊತೆಗೆ ಗೋನಿಯೋಸ್ಕೋಪಿ (ಜಾಲರಿಯ ಮೂಲೆ ನೋಡುವುದು), ನರದ ಓಸಿಟಿ (ನರದ ಸ್ಕ್ಯಾನ್), ಫೀಲ್ಡ್ ಪರೀಕ್ಷೆ (ಸುತ್ತಲಿನ ದೃಷ್ಟಿ ನೋಡುವುದು). 21ರ ಒಳಗಿದ್ದೂ ಗ್ಲಾಕೋಮಾ ಬರುವವರಿದ್ದಾರೆ, ನರ ನೋಡದೆ ಬರೀ ಅಂಕಿಯಿಂದ ತೀರ್ಮಾನವಿಲ್ಲ.

ಡ್ರಾಪ್ಸ್ ಹಾಕುವಾಗ ಒಂದೇ ಹನಿ. ಕಣ್ಣು ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಬೆರಳಿನಿಂದ ಎರಡು ನಿಮಿಷ ಒತ್ತಿ ಹಿಡಿಯಿರಿ. ಎರಡನೇ ಔಷಧಿಗೆ ಐದು ನಿಮಿಷ ಬಿಡಿ. ತೆರೆದ ಬಾಟಲಿಯನ್ನು ಸಾಮಾನ್ಯವಾಗಿ ನಾಲ್ಕು ವಾರಕ್ಕೆ ಎಸೆಯಬೇಕು, ಲೇಬಲ್ ನೋಡಿ. ಕಣ್ಣು ತುರಿಸಿದಾಗಲೆಲ್ಲ ಮೆಡಿಕಲ್‌ನಿಂದ ತಂದು ಹಾಕಿಕೊಳ್ಳುವ ಡೆಕ್ಸಮೆಥಸೋನ್, ಬೀಟಾಮೆಥಸೋನ್ ಡ್ರಾಪ್ಸ್ ಮನೆಯಲ್ಲಿದ್ದರೆ ಅದನ್ನು ಡಾಕ್ಟರಿಗೆ ತೋರಿಸಿ. ಸ್ಟೀರಾಯ್ಡ್ ಡ್ರಾಪ್ಸ್ ಹಲವು ವಾರ ಹಾಕಿದರೆ ಸುಮಾರು ಮೂವರಲ್ಲಿ ಒಬ್ಬರಿಗೆ ಕಣ್ಣಿನ ಒತ್ತಡ ಏರುತ್ತದೆ. ಶುಗರ್ ಇರುವವರಲ್ಲಿ ಆ ಸಾಧ್ಯತೆ ಇನ್ನೂ ಜಾಸ್ತಿ. ನಿಮ್ಮ 24ರ ಹಿಂದೆ ಅದೇ ಇದ್ದರೂ ಇರಬಹುದು.

ಕಾಫಿ ಬಗ್ಗೆ ನೀವು ಕೇಳಲಿಲ್ಲ. ಹಾಸನ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಕೂತು ಅದನ್ನು ಬಿಟ್ಟರೆ ಮುಂದಿನ ಪತ್ರದಲ್ಲಿ ಕೇಳುತ್ತೀರಿ. ಗ್ಲಾಕೋಮಾ ಅಥವಾ ಹೆಚ್ಚಿನ ಕಣ್ಣಿನ ಒತ್ತಡ ಇರುವವರಲ್ಲಿ ಕಾಫಿ ಕುಡಿದ ಮೇಲೆ ಒಂದೆರಡು ಅಂಕಿ ಏರಿ, ಒಂದೂವರೆ ಗಂಟೆಯಾದರೂ ಹಾಗೇ ಇರುತ್ತದೆ. ಉಳಿದವರಿಗೆ ಗಮನಿಸುವಷ್ಟು ವ್ಯತ್ಯಾಸವಿಲ್ಲ. ದಿನಕ್ಕೆ ಎರಡು ಲೋಟ ಕುಡಿಯುವವರು ಬಿಡಬೇಕಿಲ್ಲ, ಒತ್ತಡ ಅಳೆಸುವ ದಿನ ಎರಡು ಗಂಟೆ ಮೊದಲಿಂದ ಬೇಡ. ಮಲೆನಾಡಿನ ಬೆಲ್ಲದ ಕಾಫಿ ಶುಗರಿಗೆ ವಾಸಿ ಎಂಬ ಸಮಾಧಾನವೂ ಬೇಡ, ಗ್ಲೂಕೋಸ್ ಲೆಕ್ಕದಲ್ಲಿ ಬೆಲ್ಲ ಸಕ್ಕರೆಯ ತಮ್ಮನೇ. ಕಾಫಿಗಿಂತ ಗಮನ ಕೊಡಬೇಕಾದ ಎರಡು ಅಭ್ಯಾಸಗಳಿವೆ. ಬೆಳಗ್ಗೆ ಎದ್ದು ಒಂದೇ ಸಮನೆ ಒಂದು ಲೀಟರ್ ನೀರು ಕುಡಿದರೆ ಕಣ್ಣಿನ ಒತ್ತಡ ಹಲವು ಅಂಕಿ ಜಿಗಿಯಬಹುದು, ಅದನ್ನೇ ಅರ್ಧ ಅರ್ಧ ಲೋಟವಾಗಿ ಹಂಚಿಕೊಂಡು ಕುಡಿಯಿರಿ. ಶೀರ್ಷಾಸನದಲ್ಲಿ ಒತ್ತಡ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ. ಯೋಗ ಕ್ಲಾಸಿಗೆ ಹೋಗುತ್ತಿದ್ದರೆ ತಲೆ ಕೆಳಗಾಗುವ ಆಸನಗಳನ್ನು ಬಿಟ್ಟು ಉಳಿದದ್ದು ಮಾಡಿ, ಗುರುಗಳಿಗೆ ಕಾರಣವನ್ನೂ ಹೇಳಿ.