ಲೆಕ್ಕ ತಾಳೆಯಾದರೂ ಹಣ ಕಾಣದಾಗ: ಫೋರೆನ್ಸಿಕ್ ಅಕೌಂಟೆಂಟರನ್ನು ಕರೆಯುವ ಹೊತ್ತು ಯಾವುದು?

ಕಾಸರಗೋಡಿನಲ್ಲಿ ಈಚಿನ ವರ್ಷಗಳಲ್ಲಿ ಸಹಕಾರಿ ಸಂಘದ ಮಹಾಸಭೆಯಿರಲಿ, ಕೊಲ್ಲಿಯಲ್ಲಿ ದುಡಿದವರು ಹಣ ಹೂಡಿದ ಚಿನ್ನದಂಗಡಿಯ ತಕರಾರಿರಲಿ, ಅಣ್ಣತಮ್ಮಂದಿರ ಅಡಿಕೆ ವ್ಯಾಪಾರದ ಪಾಲುಪಟ್ಟಿಯಿರಲಿ, ಮಾತು ಬಿಸಿಯೇರಿದೊಡನೆ ಯಾರಾದರೊಬ್ಬರು ‘ಫೋರೆನ್ಸಿಕ್ ಆಡಿಟ್ ಆಗಲಿ’ ಎನ್ನುವುದು ವಾಡಿಕೆಯಾಗಿಬಿಟ್ಟಿದೆ. ಹಾಗೆ ಹೇಳುವವರ ಮನಸ್ಸಿನಲ್ಲಿ ಸಿಎ ಮಾಡುವ ವಾರ್ಷಿಕ ಆಡಿಟ್, ಸಹಕಾರ ಇಲಾಖೆಯ ಆಡಿಟ್, ಸಹಕಾರಿ ಸಂಘಗಳ ರಿಜಿಸ್ಟ್ರಾರರ ವಿಚಾರಣೆ ಮತ್ತು ಪೊಲೀಸ್ ತನಿಖೆ ಇವೆಲ್ಲ ಒಂದರೊಳಗೊಂದು ಕಲೆತುಹೋಗಿರುತ್ತವೆ. ಇವು ನಾಲ್ಕೂ ಬೇರೆ ಬೇರೆ. ಫೋರೆನ್ಸಿಕ್ ಅಕೌಂಟೆಂಟರ ಕೆಲಸ, ಅಂದರೆ ಹಣ ಹೋದ ದಾರಿಯನ್ನೂ ಮೊತ್ತವನ್ನೂ ನ್ಯಾಯಾಲಯದಲ್ಲಿ ನಿಲ್ಲುವಂತೆ ಹುಡುಕಿ ತೋರಿಸುವುದು, ಐದನೆಯದು. ಅದು ಹೇಗೆ ಬೇರೆಯಾಯಿತೆಂಬುದನ್ನು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಖಜಾನೆಯ ಹಣ ನುಂಗಲು 40 ದಾರಿಗಳಿವೆಯೆಂದು ಕೌಟಿಲ್ಯನ ಅರ್ಥಶಾಸ್ತ್ರ ಎಣಿಸಿ ಹೇಳಿದೆ. ಆದುದರಿಂದ ವಿಷಯ ಹೊಸದೇನೂ ಅಲ್ಲ. ಹೊಸದಾದದ್ದು ಹೊಣೆಯ ಹಂಚಿಕೆ. 1896ರಲ್ಲಿ ಇಂಗ್ಲೆಂಡಿನ ಕಿಂಗ್ಸ್ಟನ್ ಹತ್ತಿ ಗಿರಣಿಯ ಮೊಕದ್ದಮೆಯಲ್ಲಿ, ವ್ಯವಸ್ಥಾಪಕನು ವರ್ಷಗಟ್ಟಲೆ ಹೆಚ್ಚಿಸಿ ಬರೆದುಕೊಟ್ಟ ದಾಸ್ತಾನಿನ ಲೆಕ್ಕವನ್ನು ನಂಬಿದ ಆಡಿಟರರನ್ನು ನ್ಯಾಯಾಲಯ ಹೊಣೆಗಾರರನ್ನಾಗಿ ಮಾಡಲಿಲ್ಲ. ಆಡಿಟರ್ ಕಾವಲು ನಾಯಿಯೇ ಹೊರತು ಬೇಟೆನಾಯಿಯಲ್ಲ ಎಂಬ ಪ್ರಸಿದ್ಧ ಮಾತು ಆ ತೀರ್ಪಿನದು. ಕಾವಲಿನವರು ಮಾಡದ ಬೇಟೆಯ ಕೆಲಸಕ್ಕೆ ಬೇರೆಯವರು ಬೇಕಾದರು. 1931ರಲ್ಲಿ ಅಮೆರಿಕದ ಕುಖ್ಯಾತ ಪಾತಕಿ ಅಲ್ ಕಪೋನ್ ಸಿಕ್ಕಿಬಿದ್ದದ್ದು ಕೊಲೆಯ ಆರೋಪದಲ್ಲಲ್ಲ, ಆದಾಯ ತೆರಿಗೆಯ ಲೆಕ್ಕದಲ್ಲಿ. ‘ಫೋರೆನ್ಸಿಕ್ ಅಕೌಂಟಿಂಗ್’ ಎಂಬ ಹೆಸರು 1946ರ ಸುಮಾರಿಗೆ ಬಳಕೆಗೆ ಬಂತು. 2001ರಲ್ಲಿ ಸುಳ್ಳು ಲೆಕ್ಕದಿಂದಾಗಿ ಅಮೆರಿಕದ ಎನ್ರಾನ್ ಕಂಪನಿ ಪತನವಾದ ಬಳಿಕ ಅದೊಂದು ಪ್ರತ್ಯೇಕ ವೃತ್ತಿಯಾಗಿ ಗಟ್ಟಿಯಾಯಿತು.

ನಮ್ಮ ದೇಶದಲ್ಲಿ 1992ರ ಷೇರು ಹಗರಣ ಮೊದಲ ಆಘಾತ. 2003ರಲ್ಲಿ ಗಂಭೀರ ವಂಚನೆಗಳ ತನಿಖೆಗೆಂದೇ ಎಸ್‌ಎಫ್‌ಐಒ ಎಂಬ ಕೇಂದ್ರ ಸಂಸ್ಥೆ ಹುಟ್ಟಿತು. 2009ರ ಜನವರಿಯಲ್ಲಿ ಹೈದರಾಬಾದಿನ ಸತ್ಯಂ ಕಂಪನಿಯ ಪುಸ್ತಕದಲ್ಲಿದ್ದ 5,040 ಕೋಟಿ ರೂಪಾಯಿಯ ನಗದು ಹಾಗೂ ಬ್ಯಾಂಕ್ ಶಿಲ್ಕು ನಿಜದಲ್ಲಿ ಇರಲೇ ಇಲ್ಲವೆಂಬುದು ಹೊರಬಿದ್ದಾಗ, ಸಹಿಯಾದ ಬ್ಯಾಲೆನ್ಸ್ ಶೀಟಿನ ಮೇಲೆ ಜನರಿಗಿದ್ದ ವಿಶ್ವಾಸವೇ ಅಲುಗಾಡಿತು. 2013ರ ಕಂಪನಿ ಕಾಯ್ದೆ ವಂಚನೆಗೆ ವ್ಯಾಖ್ಯೆ ಕೊಟ್ಟು, ಒಂದು ಕೋಟಿ ಮತ್ತು ಅದಕ್ಕೆ ಮೇಲ್ಪಟ್ಟ ವಂಚನೆ ಕಂಡರೆ ಆಡಿಟರರೇ ಕೇಂದ್ರ ಸರಕಾರಕ್ಕೆ ವರದಿ ಮಾಡಬೇಕೆಂದಿತು. ಷೇರುಪೇಟೆಯಲ್ಲಿರುವ ಕಂಪನಿಗಳು ಫೋರೆನ್ಸಿಕ್ ಆಡಿಟ್ ಆರಂಭವಾದೊಡನೆ ಅದನ್ನು ಬಹಿರಂಗಪಡಿಸಬೇಕೆಂದು ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ 2020ರಲ್ಲಿ ವಿಧಿಸಿತು. ಈ ಕೆಲಸ ಹೇಗೆ ನಡೆಯಬೇಕೆಂಬ ಸಿಎ ಸಂಸ್ಥೆಯ ಮಾನದಂಡಗಳು 2023ರ ಜುಲೈ 1ರಿಂದ ಕಡ್ಡಾಯವಾದವು.

ಇವೆಲ್ಲ ದೊಡ್ಡ ಕಂಪನಿಗಳ ಕತೆ. ನಮ್ಮ ಗಡಿನಾಡಿನ ವ್ಯವಹಾರ ಹೆಚ್ಚಾಗಿ ಪಾಲುದಾರಿಕೆಯಲ್ಲೋ ಸಹಕಾರಿ ಸಂಘದಲ್ಲೋ ನಡೆಯುವಂಥದ್ದಾದ್ದರಿಂದ ಮೇಲಿನ ವಿಧಿಗಳಲ್ಲಿ ಬಹುಪಾಲು ಇಲ್ಲಿಗೆ ತಲಪುವುದೇ ಇಲ್ಲ. ಲೆಕ್ಕದ ತಂತ್ರಾಂಶದಲ್ಲಿ ಯಾರು ಯಾವಾಗ ಏನನ್ನು ತಿದ್ದಿದರೆಂಬ ದಾಖಲೆ ಅಳಿಸಲಾಗದಂತೆ ಉಳಿಯಬೇಕೆಂಬ 2023ರ ಏಪ್ರಿಲ್‌ನ ನಿಯಮವೂ ಕಂಪನಿಗಳಿಗಷ್ಟೇ ಅನ್ವಯ. ಪಾಲುದಾರಿಕೆಯ ಅಂಗಡಿಯಲ್ಲಿ ಗುಮಾಸ್ತರು ಹಳೆಯ ವೋಚರನ್ನು ತೆರೆದು ಮೊತ್ತ ಬದಲಿಸಿದರೆ ಅದರ ಗುರುತು ಉಳಿಯಬೇಕೆಂಬ ಕಟ್ಟುಪಾಡಿಲ್ಲ.

1956ರಲ್ಲಿ ದಕ್ಷಿಣ ಕನ್ನಡದಿಂದ ಬೇರ್ಪಟ್ಟು ಕೇರಳಕ್ಕೆ ಸೇರಿದರೂ ಕಾಸರಗೋಡಿನ ಅಡಿಕೆ ಮಂಗಳೂರು, ಪುತ್ತೂರು, ವಿಟ್ಲದ ಕಡೆಗೆ ಹೋಗುವುದು ನಿಲ್ಲಲಿಲ್ಲ. ಒಂದೇ ಮನೆತನದ ವ್ಯಾಪಾರಕ್ಕೆ ಗಡಿಯ ಎರಡೂ ಬದಿಗಳಲ್ಲಿ ಗೋದಾಮು, ಎರಡು ಜಿಎಸ್‌ಟಿ ನಂಬರು, ಒಂದು ಕೇರಳದ 32ರಿಂದ, ಮತ್ತೊಂದು ಕರ್ನಾಟಕದ 29ರಿಂದ ಆರಂಭವಾಗುವಂಥದ್ದು, ಇರುವುದು ಸಾಮಾನ್ಯ. ತೋಟದವರಿಗೆ ಕೊಟ್ಟ ಚೀಟಿ ಕನ್ನಡದಲ್ಲಿ, ಸೊಸೈಟಿಯ ಸಾಲದ ಕಾಗದ ಮಲಯಾಳದಲ್ಲಿ, ತೆರಿಗೆಯ ಕಡತ ಇಂಗ್ಲಿಷಿನಲ್ಲಿ. ಕೊಚ್ಚಿಯಿಂದ ಬಂದ ತಜ್ಞರಿಗೆ ಮೊದಲನೆಯದು ಓದಲು ಬಾರದು, ಬೆಂಗಳೂರಿನವರಿಗೆ ಎರಡನೆಯದು. ಯಾರನ್ನು ಗೊತ್ತುಪಡಿಸಿದರೂ ಮೂರನ್ನೂ ಓದಬಲ್ಲ ಸಹಾಯಕರೊಬ್ಬರು ತಂಡದಲ್ಲಿರುವರೇ ಎಂದು ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು.

ಅಡಿಕೆಯಲ್ಲಿ ಹಣ ಸೋರುವ ಬಗೆಯನ್ನು ಒಂದು ಕಲ್ಪಿತ ಅಂಗಡಿಯ ಮೂಲಕ ನೋಡಬಹುದು. ಬದಿಯಡ್ಕದ ಕಡೆಯ ಅಂಗಡಿಯೊಂದು ಚಾಲಿ (ಬಿಸಿಲಿಗೆ ಒಣಗಿಸಿ ಸುಲಿದ) ಅಡಿಕೆ ಖರೀದಿಸಿ, ಗಾರ್ಬಲ್ (ಗುಣ ನೋಡಿ ಬೇರ್ಪಡಿಸುವ ಕೆಲಸ) ಮಾಡಿಸಿ, ಡಬ್ಬಲ್ ಚೋಲ್, ಹಳೆ ಅಡಿಕೆ, ಹೊಸ ಅಡಿಕೆ, ಪಟೋರ, ಉಳ್ಳಿಗಡ್ಡೆ, ಕರಿಗೋಟು ಎಂದು ವಿಂಗಡಿಸಿ ಮಾರುತ್ತದೆಯೆನ್ನಿ. ಒಂದೊಂದು ವರ್ಗಕ್ಕೂ ಧಾರಣೆ ಬೇರೆ. ಗಾರ್ಬಲ್ ಆದ ಮೇಲೆ ಒಳ್ಳೆಯ ಅಡಿಕೆಯ ನಾಲ್ಕಾರು ಚೀಲಗಳನ್ನು ಪುಸ್ತಕದಲ್ಲಿ ಕಡಿಮೆ ಧಾರಣೆಯ ಪಟೋರವೆಂದು ಬರೆದು, ನಿಜವಾದ ಮಾಲನ್ನು ಬೇರೆ ಕಡೆ ಪೂರ್ಣ ಧಾರಣೆಗೆ ಮಾರಿದರೆ, ನಡುವಿನ ವ್ಯತ್ಯಾಸ ಯಾರದೋ ಜೇಬಿಗೆ ಹೋಗುತ್ತದೆ. ತೂಕ ಮಾತ್ರ ಸರಿಯಾಗಿಯೇ ಇರುತ್ತದೆ. ವರ್ಷದ ಕೊನೆಯಲ್ಲಿ ಬರುವ ಆಡಿಟರರು ಖರೀದಿ ಬಿಲ್ಲು, ಮಾರಾಟದ ಬಿಲ್ಲು, ಮ್ಯಾನೇಜರರು ಸಹಿ ಹಾಕಿದ ದಾಸ್ತಾನು ಪಟ್ಟಿ ನೋಡುತ್ತಾರೆ. ಎಲ್ಲವೂ ತಾಳೆಯಾಗುತ್ತದೆ. 1896ರ ಹತ್ತಿ ಗಿರಣಿಯಲ್ಲಿ ಆದದ್ದೂ ಇದೇ.

ಫೋರೆನ್ಸಿಕ್ ಅಕೌಂಟೆಂಟರು ಕೇಳುವ ಕಾಗದಗಳೇ ಬೇರೆ. ಗಾರ್ಬಲ್ ಕೂಲಿಯ ಚೀಟಿಗಳು, ಲಾರಿ ತೂಗುವ ವೇಬ್ರಿಜ್ ರಶೀದಿ, ಮಾಲು ಸಾಗಿಸಲು ಜಿಎಸ್‌ಟಿಯಡಿ ತೆಗೆಯುವ ಇ-ವೇ ಬಿಲ್ಲಿನಲ್ಲಿರುವ ಲಾರಿಯ ನಂಬರು ಮತ್ತು ಹೊತ್ತು, ಆ ದಿನ ಪತ್ರಿಕೆಯಲ್ಲಿ ಬಂದ ಧಾರಣೆ, ಇವನ್ನು ಅವರು ಪುಸ್ತಕದ ಎದುರಿಗಿಟ್ಟು ನೋಡುತ್ತಾರೆ. ಒಂದೇ ಊರಿನ ತೋಟಗಳ ಅಡಿಕೆಯಲ್ಲಿ ಪಟೋರದ ಪ್ರಮಾಣ ಒಂದು ವರ್ಷ ಏಕಾಏಕಿ ಏರಿದ್ದರೆ ಕಾರಣ ಬೇಕು. ಮಳೆಗಾಲದಲ್ಲಿ ತೇವ ಎಳೆದುಕೊಳ್ಳುವ ಅಡಿಕೆಗೆ ಜುಲೈ ತಿಂಗಳಲ್ಲಿ ‘ಒಣಗಿ ತೂಕ ಇಳಿದಿದೆ’ ಎಂದು ಬರೆದಿದ್ದರೆ ಅದಕ್ಕೂ ಕಾರಣ ಬೇಕು. 2017ರವರೆಗೆ ಗಡಿ ದಾಟುವ ಮಾಲಿನ ಕುರುಹು ಮಂಜೇಶ್ವರದ ತೆರಿಗೆ ಚೆಕ್‌ಪೋಸ್ಟಿನ ಕಾಗದದಲ್ಲಿ ಉಳಿಯುತ್ತಿತ್ತು. ಜಿಎಸ್‌ಟಿ ಬಂದು ಚೆಕ್‌ಪೋಸ್ಟ್ ಹೋದ ಮೇಲೆ ಅದು ಕಂಪ್ಯೂಟರಿಗೆ ಸೇರಿತು. ಹುಡುಕಲು ಇದು ಹೆಚ್ಚು ಅನುಕೂಲ.

ಸೊಸೈಟಿಗಳ ವಿಷಯ ಇದಕ್ಕಿಂತ ತುಸು ಬೇರೆ. 1969ರ ಕೇರಳ ಸಹಕಾರಿ ಸಂಘಗಳ ಕಾಯ್ದೆಯ 65ನೇ ಸೆಕ್ಷನ್ ಪ್ರಕಾರ ವಿಚಾರಣೆ, 68ರ ಪ್ರಕಾರ ನಷ್ಟ ವಸೂಲಿ ಎಂಬ ದಾರಿಗಳು ಮೊದಲಿನಿಂದಲೂ ಇವೆ. 2021ರಲ್ಲಿ ತೃಶ್ಶೂರಿನ ಕರುವನ್ನೂರು ಸಹಕಾರಿ ಬ್ಯಾಂಕಿನ ಸಾಲ ವಂಚನೆ ಪ್ರಕರಣ ಬೆಳಕಿಗೆ ಬಂದ ಬಳಿಕ ಕೇರಳದಾದ್ಯಂತ ಸಹಕಾರಿ ಆಡಿಟ್ ಚರ್ಚೆಯಾಯಿತು. ನಮ್ಮಲ್ಲಿ ಮುಕ್ಕುಪಂಡವೆನ್ನುವ ನಕಲಿ ಚಿನ್ನದ ಒತ್ತೆಯನ್ನು ಅಕ್ಕಸಾಲಿಗರು ಉಜ್ಜಿ ನೋಡಿ ಪತ್ತೆ ಮಾಡಬಲ್ಲರು. ಆದರೆ ಹಲವು ಸದಸ್ಯರ ಹೆಸರಿಗೆ ಒಂದೇ ಮೊಬೈಲ್ ನಂಬರು ಇರುವುದನ್ನು, ಸಾಲ ತೀರಿದ ದಿನವೇ ಅಷ್ಟೇ ಮೊತ್ತದ ಹೊಸ ಸಾಲ ಹುಟ್ಟುವುದನ್ನು, ಕಚೇರಿ ಮುಚ್ಚಿದ ಮೇಲೆ ವೋಚರ್ ಏರಿರುವುದನ್ನು ಒಂದು ಕಡೆ ಕೂಡಿಸಿ ತೋರಿಸಲು ಲೆಕ್ಕದವರೇ ಬೇಕು.

ಹಾಗಾದರೆ ಕರೆಯುವುದು ಯಾವಾಗ? ಬಹುಪಾಲು ಕಡೆ ಕೊನೆಗೆ ಕರೆಯುತ್ತಾರೆ: ಅನುಮಾನ ಬಂದವರನ್ನು ಕೂಗಾಡಿ ಹೊರಗೆ ಕಳುಹಿಸಿ, ಅವರ ಕಂಪ್ಯೂಟರನ್ನು ಬೇರೊಬ್ಬರಿಗೆ ಕೊಟ್ಟು, ನೆಂಟರಿಷ್ಟರ ನಡುವೆ ಎರಡು ಪಂಚಾತಿಕೆ ಮುಗಿಸಿ, ಮರ್ಯಾದೆಯ ಮಾತು ಮುಗಿದ ಮೇಲೆ. ಆ ಹೊತ್ತಿಗೆ ಸಾಕ್ಷ್ಯ ಕಲೆತುಹೋಗಿರುತ್ತದೆ. 2024ರ ಜುಲೈಯಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಡಿಜಿಟಲ್ ದಾಖಲೆಯ ಜೊತೆ ಅದರ ಹ್ಯಾಶ್ ಸಂಖ್ಯೆಯನ್ನು (ದಾಖಲೆಯಲ್ಲಿ ಒಂದಕ್ಷರ ತಿದ್ದಿದರೂ ಬದಲಾಗುವ ಗುರುತನ್ನು) ತೋರಿಸುವ ಪ್ರಮಾಣಪತ್ರ ಕೊಡಬೇಕು. ಅದಕ್ಕೆ ತಜ್ಞರ ಸಹಿಯೂ ಬೇಕು. ತಿಂಗಳುಗಟ್ಟಲೆ ಯಾರ್ಯಾರೋ ಬಳಸಿದ ಯಂತ್ರದ ದಾಖಲೆಯ ಮೇಲೆ ಎದುರು ವಕೀಲರಿಗೆ ಪ್ರಶ್ನೆಗಳು ಸುಲಭವಾಗಿ ಸಿಗುತ್ತವೆ. ಅವಧಿಯ ಪ್ರಶ್ನೆಯೂ ಇದೆ. 1963ರ ಕಾಲಮಿತಿ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ವಂಚನೆಯ ದಾವೆಗೆ ಅವಧಿ ಎಣಿಕೆಯಾಗುವುದು ವಂಚನೆ ತಿಳಿದಂದಿನಿಂದ, ಇಲ್ಲವೇ ತಕ್ಕ ಎಚ್ಚರ ವಹಿಸಿದ್ದರೆ ತಿಳಿಯಬಹುದಾಗಿದ್ದ ದಿನದಿಂದ. ಗೊತ್ತಿದ್ದೂ ಸುಮ್ಮನಿದ್ದವರಿಗೆ ಇದು ಮುಳುವಾಗಬಹುದು.

ಅಮೆರಿಕದ ವಂಚನೆ ಪರೀಕ್ಷಕರ ಸಂಘದ 2024ರ ಜಾಗತಿಕ ವರದಿಯಲ್ಲಿ ಶೇಕಡ 43 ಪ್ರಕರಣಗಳು ಯಾರೋ ಕೊಟ್ಟ ಸುಳಿವಿನಿಂದ ಹೊರಬಿದ್ದವು, ಹೊರಗಿನ ಆಡಿಟ್‌ನಿಂದ ಶೇಕಡ 3 ಮಾತ್ರ. ಆದ್ದರಿಂದ ಒಂದು ಸುಳಿವು, ತಾಳೆಯಾಗದ ಒಂದು ದಾಸ್ತಾನು, ರಜೆಯನ್ನೇ ತೆಗೆದುಕೊಳ್ಳದ ಕ್ಯಾಶಿಯರು, ವ್ಯವಹಾರ ಮಾರುವ ಅಥವಾ ಹೊಸ ಪಾಲುದಾರರನ್ನು ಸೇರಿಸುವ ಮಾತುಕತೆ, ವಿಮೆಯ ಪರಿಹಾರಕ್ಕೆ ನಷ್ಟದ ಮೊತ್ತ ತೋರಿಸಬೇಕಾದ ಸಂದರ್ಭ, ಇವುಗಳಲ್ಲಿ ಯಾವುದಾದರೊಂದು ಬಂದಾಗ, ಯಾರನ್ನೂ ಪ್ರಶ್ನಿಸುವ ಮೊದಲು ಒಬ್ಬರನ್ನು ಗೊತ್ತುಪಡಿಸಬಹುದು. ಹಾಗೆಂದು ಎಲ್ಲದಕ್ಕೂ ಬೇಡ. ಕಳೆದುಹೋದ ಮೊತ್ತ ಶುಲ್ಕಕ್ಕಿಂತ ಕಡಿಮೆಯಿದ್ದರೆ, ಅಥವಾ ಗುಮಾಸ್ತರ ಕೈತಪ್ಪು ಬ್ಯಾಂಕ್ ಪಾಸ್‌ಬುಕ್ ಹಿಡಿದು ಒಂದು ಸಂಜೆ ಕುಳಿತರೆ ತಿಳಿಯುವಂಥದ್ದಾದರೆ, ನಿಮ್ಮ ಸಿಎ ಸಾಕು. ಅಕೌಂಟೆಂಟರು ಕೊಡುವುದೂ ಹಣದ ದಾರಿ ಮತ್ತು ಮೊತ್ತದ ವರದಿಯನ್ನಷ್ಟೇ. ತಪ್ಪಿತಸ್ಥರು ಯಾರೆಂದು ತೀರ್ಪು ಕೊಡುವುದು ನ್ಯಾಯಾಲಯದ ಕೆಲಸ.

ದುಬಾಯಿಯಲ್ಲೋ ದೋಹಾದಲ್ಲೋ ಕುಳಿತ ಪಾಲುದಾರರಿಗೆ ಕಾಯ್ದೆ ಮೊದಲೇ ಒಂದು ಹಿಡಿತ ಕೊಟ್ಟಿದೆ. 1932ರ ಪಾಲುದಾರಿಕೆ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಪ್ರತಿಯೊಬ್ಬ ಪಾಲುದಾರರೂ ಪುಸ್ತಕಗಳನ್ನು ನೋಡಬಹುದು, ಪ್ರತಿ ತೆಗೆದುಕೊಳ್ಳಬಹುದು. ಅಂಗಡಿಯ ಉದ್ಘಾಟನೆಗೆ ಮೊದಲು ಕರಾರುಪತ್ರ ಬರೆಸುವಾಗಲೇ ಯಾವ ಪಾಲುದಾರರು ಕೇಳಿದರೆ ಫೋರೆನ್ಸಿಕ್ ಅಕೌಂಟೆಂಟರನ್ನು ಕರೆಯಬೇಕು, ಯಾರು ಆರಿಸಬೇಕು, ಶುಲ್ಕವನ್ನು ಯಾವ ಖಾತೆಯಿಂದ ಕೊಡಬೇಕು, ಅಷ್ಟು ದಿನ ಕಂಪ್ಯೂಟರ್ ಯಾರ ವಶದಲ್ಲಿರಬೇಕು ಎಂಬ ನಾಲ್ಕು ಸಾಲು ಸೇರಿಸಲು ಬರಹಗಾರರು ಹೆಚ್ಚುವರಿ ಹಣವನ್ನೇನೂ ಕೇಳಲಾರರು.